ಎಂಟೇ ಅಕ್ಷರ ಓದೋ ಮಷೀನು, ನಮ್ಮ ಟೈಪಿಂಗ್ ಸರ್ರು

ನಮ್ಮ ಟೈಪಿಂಗ್ ಸರ್ ತೀರ್ಕಂಡು ಹತ್ತು ತಿಂಗ್ಳಾಯ್ತಂತೆ. ನಂಗೆ ಗೊತ್ತಾಗಿದ್ದು ಹೋದ ವಾರ. ಅದೂ ಹೊನ್ನಾಳಿ ಕಡೆಯ ಹಳೇ ಸ್ಟೂಡೆಂಟ್ ಒಬ್ರು ಮದ್ವೆ ಮನೇಲಿ ಸಿಕ್ಕಿ, ಎಲೆ ಮುಂದೆ ಕೂತ್ಕಂಡು, ಪಲ್ಯ ಹಾಕಿಸ್ಕಳ್ತಾ ಹೇಳಿದ್ದು. "ಅಯ್ಯೋ ಗೊತ್ತಿರ್ಲಿಲ್ವಾ ನಿಮ್ಗೆ" ಅಂದ್ರು. ಇಲ್ರೀ, ಗೊತ್ತಿರ್ಲಿಲ್ಲ. ಯಾಕೆ ಗೊತ್ತಿರ್ಲಿಲ್ಲ ಅನ್ನೋದಕ್ಕೇ ಈ ಪೋಸ್ಟು. ಉದ್ದ ಐತೆ. ಓದಾಕೆ ಆಗ್ದೋರು ಒಂದು ಲೈಕ್ ಒತ್ತಿ ಮುಂದೆ ಹೋಗಿ, ನಂಗೇನೂ ಬೇಜಾರಿಲ್ಲ.

ಹೆಸ್ರು ಹಾಕಲ್ಲ. ಗೊತ್ತಿರೋರು ಕಮೆಂಟಲ್ಲೂ ಹಾಕ್ಬೇಡ್ರಿ. ಹೆಸ್ರು ತಪ್ಪಾಗಿ ಟೈಪ್ ಆಗಿದ್ದು ಕಂಡ್ರೆ ಅವರಿಗೆ ಮೈಯೆಲ್ಲ ಉರೀತಿತ್ತು. ನಿಮ್ ಫೋನು ಅದನ್ನ ತಿದ್ದಿ ಇನ್ನೇನೋ ಮಾಡಿ ಹಾಕ್ತೈತೆ.

ದಾವಣಗೆರೆಯ ಒಬ್ಬ ಮಾಲೀಕರಿಗೆ ನಾಲ್ಕು ಊರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕಕ್ಕೂ ಸೇರಿ ಮೇಷ್ಟ್ರು ಒಬ್ರೇ. ಸೋಮವಾರ ಮಂಗಳವಾರ ಚನ್ನಗಿರಿ, ಬುಧವಾರ ಹೊನ್ನಾಳಿ, ಗುರುವಾರ ನ್ಯಾಮತಿ, ಶುಕ್ರವಾರ ಶನಿವಾರ ಜಗಳೂರು. ಅವರಿಲ್ಲದ ದಿನ ಆಯಾ ಊರಲ್ಲಿ ಪಾಸಾದೋರು ಯಾರಾದ್ರೂ ಬಾಗಿಲು ತೆಗೆದು ನೋಡ್ಕಳ್ತಿದ್ರು. ಚನ್ನಗಿರಿಯಲ್ಲಿ ಆ ಕೆಲಸ ನಂದು. ಪಿಯುಸಿ ಆಗಿತ್ತು, ಸೀನಿಯರ್ ಟೈಪಿಂಗ್ ಆಗಿತ್ತು, ಮನೇಲಿ ಗಂಡು ನೋಡ್ತಿದ್ರು, ಅಲ್ಲೀತಂಕ ಹೋಗ್ಲಿ ಬಿಡು ಅಂತ ಕಳ್ಸಿದ್ರು.

ಚನ್ನಗಿರಿ ಇನ್‌ಸ್ಟಿಟ್ಯೂಟಿನ ಹಿಂದಿನ ರೂಮೇ ಸರ್ ಮನೆ. ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೋವು, ಎರಡು ಬಿಳಿ ಶರ್ಟು. ಮದ್ವೆ ಆಗಿರ್ಲಿಲ್ಲ. ಅಣ್ಣ ತಮ್ಮ ಅಂತ ಯಾರೂ ಬಂದಿದ್ದು ನಾನು ನೋಡಿಲ್ಲ. ಆ ರೂಟಿನ ಕಂಡಕ್ಟರ್‌ಗಳಿಗೆಲ್ಲ ಅವರ ಪರಿಚಯ, ಆದ್ರೆ ಅವರ ಊರು ಯಾವುದು ಅಂತ ಒಬ್ರಿಗೂ ಗೊತ್ತಿಲ್ಲ. ನಾನೇ ಒಂದ್ಸಲ ಕೇಳಿದ್ದೆ, ಸರ್ ನಿಮ್ಮೂರು ಯಾವುದು ಅಂತ. "ಇವತ್ತು ಸೋಮವಾರ ಅಲ್ವಾ, ಚನ್ನಗಿರಿ" ಅಂದ್ರು. ತಮಾಷೆ ಮಾಡಿದ್ರೋ ಏನೋ ಇವತ್ತಿಗೂ ಗೊತ್ತಾಗಿಲ್ಲ. ಮುಖ ನೋಡಿ ಹೇಳಾಕೆ ಆಗ್ತಿರ್ಲಿಲ್ಲ ಅವರದ್ದು.

ದೇವರಂಥ ಮನುಷ್ಯ ಅಂತೆಲ್ಲ ನಾನು ಬರೆಯಲ್ಲ. ಜಿಗುಟು ಅಂದ್ರೆ ಜಿಗುಟು. ನಶ್ಯ ಹಾಕೋರು, ಕರ್ಚೀಫು ನೋಡಾಕೆ ಆಗ್ತಿರ್ಲಿಲ್ಲ. ರಿಬ್ಬನ್ನು ತೂತು ಬೀಳೋ ತನಕ ಬದಲಾಯಿಸ್ತಿರ್ಲಿಲ್ಲ. ಆದ್ರೆ ಕಿವಿ ಮಾತ್ರ ಎಂಥಾದ್ದು ಅಂತೀರಿ. ನಮಗೆ ಬೆನ್ನು ಮಾಡಿ ಪೇಪರ್ ಓದ್ಕಂತ ಕೂತಿರೋರು, ಹನ್ನೆರಡು ಮಷೀನು ಒಟ್ಟಿಗೆ ಕಟಕಟ ಅಂತಿರ್ತಾವೆ, ತಿರುಗಿ ನೋಡ್ದೇನೇ "ಮೂರನೇ ಮಷೀನು, ನಿನ್ನ ಉಂಗುರದ ಬೆರಳು ಮಲಗೈತೆ, ಎಬ್ಸು" ಅನ್ನೋರು. ನಿಜವಾಗ್ಲೂ ಮಲಗಿರ್ತಿತ್ತು.

ಎರಡು ರೂಢಿ ಹೇಳ್ಬೇಕು, ಮುಂದಿನ ಕತೆ ಅರ್ಥ ಆಗ್ಬೇಕಂದ್ರೆ.

ಒಂದು, ಕಾಗದದ್ದು. ಎರಡೂ ಬದಿ ತುಂಬೋ ತನಕ ಯಾವ ಕಾಗದಾನೂ ಎಸೆಯಂಗಿಲ್ಲ. ಒಂದು ಬದಿ ಖಾಲಿ ಇರೋ ಹಾಳೆ ಎಲ್ಲೇ ಸಿಗ್ಲಿ, ಅದು ಪ್ರಾಕ್ಟೀಸಿನ ಕಟ್ಟಿಗೆ ಹೋಗ್ಬೇಕು. ಹೊಸ ಹುಡುಗ್ರು ಅದ್ರ ಮೇಲೆ ಎ ಎಸ್ ಡಿ ಎಫ್ ಹೊಡೀತಾರೆ. ಅದೂ ತುಂಬಿದ ಮೇಲೆ ಎದುರಿಗಿರೋ ಚಾಚಾನ ಮಂಡಕ್ಕಿ ಅಂಗಡಿಗೆ. ಚನ್ನಗಿರಿಯಲ್ಲಿ ಆಗ ಮಿರ್ಚಿ ತಿಂದೋರಿಗೆಲ್ಲ ನಮ್ಮ ಎ ಎಸ್ ಡಿ ಎಫ್ ಬಾಯಿಪಾಠ.

ಇನ್ನೊಂದು, ಪತ್ರದ್ದು. ಅವರ ಹತ್ರ ಕಲಿತು ಕೆಲಸ ಸಿಕ್ಕೋರು, ಹೊಸ ಆಫೀಸಿನ ಕುರ್ಚಿ ಮೇಲೆ ಕೂತು ಮೊದಲನೇ ಪತ್ರ ಸರ್‌ಗೆ ಟೈಪ್ ಮಾಡಿ ಹಾಕ್ಬೇಕು. ಅವರು ಅದನ್ನ ಓದಿ, ತಪ್ಪಿಗೆಲ್ಲ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕಿ, ವಾಪಸ್ ಪೋಸ್ಟ್ ಮಾಡೋರು. ಕೋರ್ಟಲ್ಲಿ ಕೆಲಸಕ್ಕೆ ಸೇರಿದ ಜಗಳೂರಿನ ಒಬ್ಬನಿಗೆ ಏಳು ಸುತ್ತು ಹಾಕಿ ಕಳ್ಸಿ, "ನ್ಯಾಯ ನಿಧಾನ ಆದ್ರೂ ಪರವಾಗಿಲ್ಲ, ಸ್ಪೇಸ್ ಸರಿ ಕೊಡು" ಅಂತ ಬರೆದಿದ್ರು. ಆ ಪತ್ರದ ಅಡ್ರೆಸ್ಸು ಅವರ ಪಟ್ಟಿಗೆ ಸೇರ್ತಿತ್ತು. ಮದ್ವೆ ಆಗಿ ಹೋದ ಹುಡುಗೀರೂ ಅಡ್ರೆಸ್ ಕಳಿಸ್ತಿದ್ರು. ಊರು, ವರ್ಷ ಅಂತ ಬೇರೆ ಬೇರೆ ಹಾಳೆ. ಪ್ರತಿ ಯುಗಾದಿಗೆ ಪಟ್ಟಿಯಲ್ಲಿ ಇರೋರಿಗೆಲ್ಲ ಒಂದೊಂದು ಪತ್ರ. ನಾಲ್ಕೇ ಸಾಲು. ಆರೋಗ್ಯವೇ, ಬೆರಳು ಆಡ್ತಾ ಐತೇ, ಮಕ್ಕಳೆಷ್ಟು, ಇಲ್ಲಿ ಬಿಸಿಲು ಹೆಚ್ಚು. ಪೋಸ್ಟ್‌ಮ್ಯಾನ್ ಉತ್ರ ತಂದ ದಿನ ಸರ್ ನಶ್ಯದ ಡಬ್ಬಿ ಮುಟ್ತಿರ್ಲಿಲ್ಲ. ಓದಿದ್ದನ್ನೇ ಓದೋರು. ಅವರಿಗೆ ಇದ್ದಿದ್ದು ಅಷ್ಟೇ ಜನ, ಆ ಪಟ್ಟಿಯೋರು.

ಎಂಬತ್ತೆಂಟರ ದಸರಾ ಮುಗಿದ ಮೇಲೆ ಮಾಲೀಕರು ಒಂದು ಕಂಪ್ಯೂಟರ್ ತಂದು ಚನ್ನಗಿರಿಯಲ್ಲಿ ಇಟ್ರು. ಇನ್ನು ಮುಂದೆ ಇದೇ, ಟೈಪ್‌ರೈಟರ್ ಕಾಲ ಹೋಯ್ತು ಮೇಷ್ಟ್ರೇ ಅಂದ್ರು. ಮಾರಿದವನು ಎರಡು ದಿನ ಇದ್ದು, ಬರೆದಿದ್ದೆಲ್ಲ ಉಳಿಸಿಡೋ ಫ್ಲಾಪಿ ಹಿಂಗೆ ಹಾಕ್ರಿ, ಹಿಂಗೆ ತೆಗೀರಿ ಅಂತ ತೋರ್ಸಿ, ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟು ಬಸ್ ಹತ್ತಿದ.

ಈಗಿನ ಹುಡುಗ್ರು ಅಪ್‌ಡೇಟ್ ಬಂತು, ತಾನೇ ರೀಸ್ಟಾರ್ಟ್ ಆಯ್ತು ಅಂತ ಗೊಣಗ್ತೀರಲ್ಲ, ಆಗಿನ ಆಪರೇಟಿಂಗ್ ಸಿಸ್ಟಮ್ ನೋಡ್ಬೇಕಿತ್ತು. ಕಪ್ಪು ಪರದೆ, ಒಂದು ಅಕ್ಷರ, ಪಕ್ಕದಲ್ಲಿ ಮಿಣಮಿಣ ಅನ್ನೋ ಗೆರೆ. ಏನ್ ಮಾಡ್ಬೇಕು ಅಂತ ಒಂದು ಮಾತಿಲ್ಲ. ಕರೆಂಟ್ ಹೋಗಿ ಬಂದ್ರೆ ಸಾಕು, ಮಷೀನಿಗೆ ಪ್ರತಿಸಲಾನೂ ಎಂಬತ್ತನೇ ಇಸವಿ ಜನವರಿ ಒಂದು. ಇವತ್ತು ಯಾವ ತಾರೀಖು ಅಂತ ನಾವೇ ಹೇಳ್ಬೇಕು. ಚನ್ನಗಿರಿಯಲ್ಲಿ ದಿನಕ್ಕೆ ಐದು ಸಲ ಕರೆಂಟ್ ಹೋಗೋದು, ಐದು ಸಲ ಹೇಳ್ಬೇಕು. ಅದೂ ತಿಂಗಳು ಮೊದ್ಲು ಹಾಕ್ಬೇಕು, ತಾರೀಖು ಆಮೇಲೆ. ನಮ್ಮಂಗೆ ತಾರೀಖು ಮೊದ್ಲು ಹಾಕಿದ್ರೆ ತಪ್ಪು ಅಂತಿತ್ತು. ಹನ್ನೆರಡರ ಒಳಗಿನ ತಾರೀಖಾದ್ರೆ ತಪ್ಪು ಅಂತಾನೂ ಅಂತಿರ್ಲಿಲ್ಲ, ಸುಮ್ನೆ ತಿಂಗಳನ್ನೇ ಬದಲಾಯಿಸ್ಕಂಡು ಕೂತ್ಕಳ್ತಿತ್ತು.

ಒಂದು ಅಕ್ಷರ ಆಚೀಚೆ ಆದ್ರೆ "ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್". ಸರ್‌ಗೆ ಇದು ಎಷ್ಟು ಕೋಪ ತರಿಸ್ತಿತ್ತು ಅಂದ್ರೆ, ಕೆಂಪು ಪೆನ್ಸಿಲ್ ತಗಂಡು ಪರದೆ ಹತ್ರ ಹೋಗಿ ಬಿಡೋರು. ತಪ್ಪು ಎಲ್ಲೈತೆ ಅಂತ ಸುತ್ತು ಹಾಕಿ ತೋರಿಸದೆ ಬರೀ ಬೈಯೋನು ಮೇಷ್ಟ್ರಾಗಾಕೆ ಲಾಯಕ್ಕಿಲ್ಲ ಅನ್ನೋರು. ಫ್ಲಾಪಿ ಸರಿಯಾಗಿ ಕೂರದಿದ್ರೆ ಮೂರು ದಾರಿ ಕೊಡೋದು, ನಿಲ್ಸಲಾ, ಮತ್ತೆ ನೋಡ್ಲಾ, ಕಂಡೂ ಕಾಣದಂಗೆ ಇರ್ಲಾ ಅಂತ. ಮೂರರಲ್ಲಿ ಯಾವುದು ಒತ್ತಿದ್ರೂ ಅಲ್ಲಿಗೇ ಬರೋದು. ನಮ್ಮ ಕ್ಲಾಸಿನ ಹುಡುಗೀರು ಮನೇಲಿ ನೋಡೋ ಗಂಡುಗಳ ವಿಷಯಕ್ಕೆ ಆ ಮೂರು ಮಾತು ಬಳಸ್ಕಂಡು ನಗ್ತಿದ್ರು.

ಎಲ್ಲದಕ್ಕಿಂತ ಅವರಿಗೆ ನೋವಾಗಿದ್ದು "ಸ್ಟ್ರೈಕ್ ಎನಿ ಕೀ" ಅನ್ನೋದು. ಯಾವ ಕೀ ಆದ್ರೂ ಹೊಡಿ ಅಂತ. ಹನ್ನೆರಡು ವರ್ಷದಿಂದ ನಾಲ್ಕು ಊರು ಸುತ್ತಿ ಈ ಕೀಗೆ ಈ ಬೆರಳು, ಆ ಕೀಗೆ ಆ ಬೆರಳು ಅಂತ ಹೇಳ್ಕೊಟ್ಟಿರೋ ಮನುಷ್ಯ. ಆ ಮಾತು ಬಂದಾಗ ನೆಟ್ಟಗೆ ಕೂತು, ಹೆಬ್ಬೆರಳಲ್ಲಿ ಸ್ಪೇಸ್ ಒತ್ತೋರು. ಯಾವಾಗ್ಲೂ ಸ್ಪೇಸೇ, ಯಾವಾಗ್ಲೂ ಬಲಗೈ ಹೆಬ್ಬೆರಳೇ.

ಆದ್ರೂ ಅದನ್ನ ಕಲಿತ್ರು. ಯಾಕಂದ್ರೆ ಮಾರಿದವನು ಒಂದು ಆಸೆ ಹುಟ್ಟಿಸಿ ಹೋಗಿದ್ದ. ಅಡ್ರೆಸ್ಸೆಲ್ಲ ಒಂದ್ಸಲ ತುಂಬಿಸಿಟ್ರೆ ಪ್ರತಿ ವರ್ಷ ಪ್ರಿಂಟರ್ರೇ ಹೊಡೆದು ಕೊಡ್ತೈತೆ, ನೀವು ಕವರಿಗೆ ಅಂಟಿಸೋದಷ್ಟೇ ಅಂದಿದ್ದ. ಸರ್‌ಗೆ ಆಗ್ಲೇ ಕಣ್ಣು ಮಂಜಾಗ್ತಿತ್ತು. ಯುಗಾದಿ ಹತ್ರ ಬಂದ್ರೆ ಇಪ್ಪತ್ತು ದಿನ ಕವರ್ ಟೈಪ್ ಮಾಡೋದೇ ಆಗ್ತಿತ್ತು. ಚಳಿಗಾಲ ಪೂರ್ತಿ, ಸೋಮವಾರ ಮಂಗಳವಾರ, ಕ್ಲಾಸ್ ಮುಗಿದ ಮೇಲೆ ಕೂತು ಪಟ್ಟಿ ತುಂಬಿಸಿದ್ರು. ಪ್ರತಿ ಪಟ್ಟಿಗೂ ಊರ ಹೆಸ್ರು, ಪಕ್ಕದಲ್ಲಿ ವರ್ಷ. ಚನ್ನಗಿರಿ ಎಪ್ಪತ್ತಾರು, ಚನ್ನಗಿರಿ ಎಪ್ಪತ್ತೇಳು, ಹಿಂಗೆ. ಒಂದು ಪಟ್ಟಿ ಮುಗಿದ ಕೂಡ್ಲೆ ಮಷೀನು "ಒನ್ ಫೈಲ್ ಕಾಪೀಡ್" ಅಂತಿತ್ತು. ಸರ್ ಅಷ್ಟಕ್ಕೇ ನಂಬೋರಲ್ಲ. ಅದೇ ಹೆಸ್ರು ಹೊಡೆದು ಪರದೆ ಮೇಲೆ ಪಟ್ಟಿ ತರಿಸಿ, ಹಾಳೆ ಪಕ್ಕಕ್ಕೆ ಹಿಡ್ಕಂಡು ಸಾಲು ಸಾಲು ಓದಿ ತಾಳೆ ನೋಡೋರು. ಸರಿಯಾಗಿ ಇರ್ತಿತ್ತು. ಸರಿ ಇದ್ದ ಮೇಲೆ ಆ ಹಾಳೆ ಇನ್ಯಾಕೆ? ಒಂದು ಬದಿ ಖಾಲಿ ಇತ್ತಲ್ಲ. ಪ್ರಾಕ್ಟೀಸಿನ ಕಟ್ಟಿಗೆ ಹಾಕೋರು. ನಾನೇ ಎಷ್ಟೋ ಹಾಳೆ ಹುಡುಗ್ರಿಗೆ ಕೊಟ್ಟೀನಿ.

ಯುಗಾದಿಗೆ ಹದಿನೈದು ದಿನ ಇತ್ತು. ಮಧ್ಯಾಹ್ನ, ಕರೆಂಟ್ ಇರೋ ಹೊತ್ತು ನೋಡ್ಕಂಡು ಸರ್ ಪ್ರಿಂಟರಿಗೆ ಕಾಗದ ಹಾಕಿದ್ರು. ಮೊದಲ್ನೇದು ಚನ್ನಗಿರಿ ಎಪ್ಪತ್ತಾರು. ಪ್ರಿಂಟರ್ ಕರಕರ ಅಂತ ಹೊಡೀತು. ಸರ್ ತಗಂಡು ನೋಡಿದ್ರು. "ಇದು ಎಪ್ಪತ್ತಾರು ಅಲ್ಲ, ಇವ್ರೆಲ್ಲ ಮೊನ್ನೆ ಮೊನ್ನೆ ಕಲಿತು ಹೋದೋರು" ಅಂದ್ರು. ಎಪ್ಪತ್ತೇಳು ಹಾಕಿದ್ರು, ಅದೇ ಬಂತು. ಎಂಬತ್ತೆರಡು ಹಾಕಿದ್ರು, ಅದೇ. ಆಮೇಲೆ ಫ್ಲಾಪಿಯಲ್ಲಿ ಏನೇನೈತೆ ತೋರ್ಸು ಅಂತ ಕೇಳಿದ್ರು. ನಲವತ್ತು ಐವತ್ತು ಪಟ್ಟಿ ಇರ್ಬೇಕಾದ ಕಡೆ ಆರೇ ಆರು.

ಆ ದಪ್ಪ ಪುಸ್ತಕ ತೆಗೆದು ಇಬ್ರೂ ಹುಡುಕಿದ್ವಿ. ಸಣ್ಣಕ್ಷರದಲ್ಲಿ ಇತ್ತು. ಫೈಲಿನ ಹೆಸ್ರು ಎಂಟಕ್ಷರ, ಅಷ್ಟೇ. ಒಂಬತ್ತನೇದು ಹೊಡೆದ್ರೆ ಮಷೀನು ಬೇಡ ಅನ್ನಲ್ಲ, ಬೈಯಲ್ಲ, ಸುಮ್ನೆ ಬಿಟ್ಟುಬಿಡ್ತೈತೆ. ಚನ್ನಗಿರಿ ಅನ್ನೋದೇ ಇಂಗ್ಲಿಷಲ್ಲಿ ಹತ್ತಕ್ಷರ. ಅಂದ್ರೆ ವರ್ಷ ಅದ್ರ ಕಣ್ಣಿಗೇ ಬಿದ್ದಿಲ್ಲ. ಎಲ್ಲ ವರ್ಷಾನೂ ಒಂದೇ ಹೆಸ್ರು. ನ್ಯಾಮತಿ ಸರಿಯಾಗಿ ಎಂಟು, ಅದ್ರದ್ದೂ ಅದೇ ಗತಿ. ಹೊನ್ನಾಳಿ, ಜಗಳೂರು ಏಳೇಳು. ಅವಕ್ಕೆ ವರ್ಷದ ಒಂದೇ ಅಂಕಿ ಹಿಡಿದಿತ್ತು, ಎಪ್ಪತ್ತರ ದಶಕಕ್ಕೆ ಒಂದು, ಎಂಬತ್ತರ ದಶಕಕ್ಕೆ ಒಂದು. ಹೊಸ ಪಟ್ಟಿ ಬಂದಾಗೆಲ್ಲ ಹಳೇದ್ರ ಮೇಲೇ ಬರೆದು, ಆಯ್ತು, ಒನ್ ಫೈಲ್ ಕಾಪೀಡ್ ಅಂತ ಹೇಳಿತ್ತು. ಸರ್ ತಾಳೆ ನೋಡಿದಾಗೆಲ್ಲ ಆಗಷ್ಟೇ ಬರೆದ ಪಟ್ಟಿನೇ ತೋರಿಸಿತ್ತು. ಚಳಿಗಾಲ ಪೂರ್ತಿ ಆ ಮನುಷ್ಯ ಒಂದೊಂದೇ ವರ್ಷ ಕೂತು ಅಳಿಸಿದ್ದ.

ಸರ್ ಕೂಗಾಡ್ಲಿಲ್ಲ. ಕರ್ಚೀಫ್ ತೆಗೆದು ಕನ್ನಡಕ ಒರೆಸ್ಕಂಡ್ರು. "ದಿನಾ ತಾರೀಖು ಕೇಳ್ತೈತೆ, ಟೈಮ್ ಕೇಳ್ತೈತೆ" ಅಂದ್ರು. "ಹಳೇದೊಂದು ಐತೆ, ಅದ್ರ ಮ್ಯಾಲೆ ಬರೀಲಾ ಅಂತ ಒಂದು ಮಾತು ಕೇಳಾಕೆ ಏನಾಗಿತ್ತಮ್ಮ ಇದಕ್ಕೆ?"

ನಾನು ರಸ್ತೆ ದಾಟಿ ಮಂಡಕ್ಕಿ ಅಂಗಡಿಗೆ ಓಡಿದೆ. ಚಾಚಾ ಮೊದ್ಲು ನಕ್ರು, ಯಾರಿಗೆ ಬೇಕು ಬೇಟಿ ನಿಮ್ಮ ಎ ಎಸ್ ಡಿ ಎಫ್ ಅಂದ್ರು. ವಿಷಯ ಹೇಳಿದ ಮೇಲೆ ಗಿರಾಕಿ ನಿಂತಿರಂಗೇ ಒಲೆ ಕೆಳಗಿಳಿಸಿ ಕಾಗದದ ಗೋಣಿಚೀಲ ಬಗ್ಗಿಸಿದ್ರು. ಹನ್ನೊಂದು ಹಾಳೆ ಸಿಕ್ವು, ಅದ್ರಲ್ಲಿ ನಾಲ್ಕು ಪೊಟ್ಟಣಕ್ಕೆ ಅಂತ ಅರ್ಧ ಹರಿದಿದ್ವು. ಉಳಿದಿದ್ದೆಲ್ಲ ಊರೋರು ಮಿರ್ಚಿ ತಿಂದು ಎಸೆದಾಗಿತ್ತು.

ಆ ಸೋಮವಾರ ಸರ್ ನನಗೊಂದು ನೋಟ್‌ಬುಕ್ ಕೊಟ್ಟು ಬರ್ಕ ಅಂದ್ರು. ಕಣ್ಮುಚ್ಕಂಡು ಹೇಳ್ತಾ ಹೋದ್ರು. ಒಬ್ರನ್ನೂ ಮರೆತಿರ್ಲಿಲ್ಲ. ಆದ್ರೆ ಅವರ ನೆನಪಲ್ಲಿ ಇದ್ದಿದ್ದು ಬೆರಳು. ನ್ಯಾಮತಿ, ಎಪ್ಪತ್ತೊಂಬತ್ತು, ಎಡಗೈ ಕಿರುಬೆರಳು ಸೊಟ್ಟ. ಹೊನ್ನಾಳಿ, ಎಂಬತ್ತು, ಅಕ್ಕತಂಗೀರು, ಇಬ್ರದ್ದೂ ಒಂದೇ ಸದ್ದು. ಸವಳಂಗದಿಂದ ನ್ಯಾಮತಿಗೆ ಬರ್ತಿದ್ದೋನು, ಶಿಫ್ಟ್ ಕೀ ಹಿಡಿದ್ರೆ ಬಿಡಾಕೇ ಬರ್ತಿರ್ಲಿಲ್ಲ. ಅಡ್ರೆಸ್ಸು ಸರ್, ಅಂತ ನಾನು ಕೇಳಿದ್ರೆ ಕಣ್ಣು ಬಿಟ್ಟು ನನ್ನ ಮುಖ ನೋಡೋರು. ಅದು ಹಾಳೆ ಮೇಲೆ ಇರ್ತಿತ್ತಲ್ಲ, ನೆನಪಿಟ್ಕಳಾಕೆ ಯಾರು ಹೋಗ್ತಾರೆ.

ಆ ವರ್ಷ ಯುಗಾದಿಗೆ ಪತ್ರ ಹೋಗಿದ್ದು ಉಳಿದಿದ್ದ ಆರು ಪಟ್ಟಿಯೋರಿಗೆ, ಅಂಗಡೀಲಿ ಸಿಕ್ಕ ಹಾಳೆಯೋರಿಗೆ, ಅಷ್ಟೇ. ಬೇಸಿಗೆ ರಜದಲ್ಲಿ ಸರ್ ಹುಡುಕ್ಕಂಡು ಹೊರಟ್ರು. ಹಳೇ ಸ್ಟೂಡೆಂಟ್‌ಗಳ ತವರುಮನೆ, ಅಣ್ಣನ ಮನೆ, ಅಂಗಡಿ, ಎಲ್ಲೆಲ್ಲೋ ಹೋಗಿ ನಿಮ್ಮ ಹುಡುಗ ಎಲ್ಲವ್ನೆ, ನಿಮ್ಮ ಹುಡುಗಿನ ಎಲ್ಲಿಗೆ ಕೊಟ್ರಿ ಅಂತ ಕೇಳೋದು. ಹುಡುಗ್ರದ್ದು ಕೆಲವರು ಕೊಟ್ರು. ಹುಡುಗೀರದ್ದು? ನೀವೇ ಯೋಚ್ನೆ ಮಾಡ್ರಿ. ಐವತ್ತು ದಾಟಿದ ಮದ್ವೆ ಇಲ್ಲದ ಗಂಡಸು, ನಶ್ಯದ ಕರ್ಚೀಫ್ ಹಿಡ್ಕಂಡು ಬಂದು ಗಂಡನ ಮನೆಗೆ ಹೋದ ಹುಡುಗಿ ಅಡ್ರೆಸ್ ಕೇಳ್ತಾನೆ. ನಮ್ಮ ಕಡೆ ಜನ ಚಾ ಕೊಟ್ರು, ಅಡ್ರೆಸ್ ಕೊಡ್ಲಿಲ್ಲ.

ಬಸವಾಪಟ್ಟಣದಿಂದ ಒಬ್ರು ಸ್ಕೂಟರಲ್ಲಿ ಇನ್‌ಸ್ಟಿಟ್ಯೂಟಿಗೇ ಬಂದ್ರು. ಸರ್ ಹತ್ರ ಕಲಿತ ಹುಡುಗಿಯ ಅಣ್ಣ. ಹುಡುಗ್ರೆಲ್ಲ ಟೈಪ್ ಮಾಡೋದು ನಿಲ್ಸಿದ್ರು. ಅವರು ಜಗಳಕ್ಕೇನೂ ಬಂದಿರ್ಲಿಲ್ಲ, ಮರ್ಯಾದೆಯಿಂದಾನೇ ಕೇಳಿದ್ರು.

"ನಮ್ ತಂಗಿ ಮದ್ವೆ ಆಗಿ ಆರು ವರ್ಷ ಆತು ಮೇಷ್ಟ್ರೇ. ಅವಳ ಅಡ್ರೆಸ್ ನಿಮಗೆ ಯಾಕೆ ಬೇಕಾತು?"

"ಯುಗಾದಿಗೆ ಪತ್ರ ಹಾಕ್ತಿದ್ದೆ" ಅಂದ್ರು ಸರ್.

"ಅದೇ, ಯಾಕೆ ಹಾಕ್ತಿದ್ರಿ?"

ಸರ್ ಮೇಜಿನ ಮೇಲಿದ್ದ ಕೆಂಪು ಪೆನ್ಸಿಲ್ ತಗಂಡು ಜೇಬಿಗೆ ಹಾಕ್ಕಂಡ್ರು. ಏನಂತ ಹೇಳ್ತಾರೆ? ನನಗೆ ಬೇರೆ ಯಾರೂ ಇಲ್ಲ ಅಂತ ಹದಿನೈದು ಜನ ಹುಡುಗ್ರ ಮುಂದೆ ಹೇಳಾಕೆ ಆಗ್ತೈತಾ? ಅಷ್ಟು ವರ್ಷ ಹಾಕಿದ ಪತ್ರಕ್ಕೆ ಯಾರೂ ಯಾಕೆ ಅಂತ ಕೇಳಿರ್ಲಿಲ್ಲ. ಅಡ್ರೆಸ್ ಕೇಳ್ಕಂಡು ಹೋಗಿದ್ದಕ್ಕೆ ಕೇಳಿದ್ರು. ನಾನಾದ್ರೂ ಎದ್ದು ನಿಂತು, ರೀ ಇವರು ಎಲ್ರಿಗೂ ಹಾಕ್ತಾರೆ, ತಪ್ಪು ತಿಳೀಬೇಡ್ರಿ ಅನ್ಬಹುದಿತ್ತು. ನಾನು ಆ ಕಡೆ ತಿರುಗಿ ಯಾವುದೋ ಮಷೀನಿನ ರಿಬ್ಬನ್ ಸರಿ ಮಾಡಿದೆ. ನನಗೂ ಆಗ ಗಂಡು ನೋಡ್ತಿದ್ರಲ್ಲ, ಭಯ.

ವಿಷಯ ದಾವಣಗೆರೆ ಮಾಲೀಕರ ಕಿವಿಗೆ ಹೋಯ್ತು. ಮನೆ ಮನೆ ತಿರುಗೋದು ನಿಲ್ಸಿ ಮೇಷ್ಟ್ರೇ, ಅಡ್ಮಿಷನ್ ನಿಂತು ಹೋಗ್ತಾವೆ ಅಂದ್ರಂತೆ. ಸರ್ ನಿಲ್ಸಿದ್ರು. ನೋಟ್‌ಬುಕ್ ಮುಚ್ಚಿಟ್ರು. ಅವತ್ತಿಂದ ಅವರಾಗಿ ಯಾರಿಗೂ ಮೊದ್ಲು ಬರೀಲಿಲ್ಲ. ಯಾರಾದ್ರೂ ಬರೆದ್ರೆ ಅದೇ ದಿನ ಉತ್ರ ಹಾಕೋರು, ಅಷ್ಟೇ.

ಆ ವರ್ಷದ ಕೊನೆಗೆ ನನ್ನ ಮದ್ವೆ ಗೊತ್ತಾಯ್ತು, ರಾಣೆಬೆನ್ನೂರಿಗೆ. ಪತ್ರಿಕೆ ಕೊಡಾಕೆ ಹೋದಾಗ ಸರ್ ಅದ್ರಲ್ಲಿ ಎರಡು ತಪ್ಪು ಹುಡುಕಿ ಸುತ್ತು ಹಾಕಿ ಕೊಟ್ರು. ನಾನು ಗಂಡನ ಮನೆ ಅಡ್ರೆಸ್ಸು ಒಂದು ಚೀಟಿಯಲ್ಲಿ ಟೈಪ್ ಮಾಡ್ಕಂಡು ಹೋಗಿದ್ದೆ. ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆ ಕಟ್ಕಂಡ್ರು.

"ಬೇಡಮ್ಮ. ನಾನು ಬರೆದ್ರೆ ಚೆನ್ನಾಗಿರಲ್ಲ. ನೀನೇ ಬರಿ, ನಾನು ಉತ್ರ ಹಾಕ್ತೀನಿ."

ಬರೀತೀನಿ ಸರ್ ಅಂದೆ. ಬರೀಲಿಲ್ಲ. ಕಾರಣ ಹೇಳೋಣ ಅಂದ್ರೆ ಕಾರಣಾನೇ ಇಲ್ಲ. ಗಂಡ ಬೇಡ ಅನ್ಲಿಲ್ಲ, ಅತ್ತೆ ಬೇಡ ಅನ್ಲಿಲ್ಲ. ಮುಂದಿನ ಯುಗಾದಿಗೆ ಬರೆಯಾಣ ಅಂದ್ಕಂಡೆ. ಆಮೇಲೆ ಮಗು, ಆಮೇಲೆ ಇನ್ನೊಂದು, ಆಮೇಲೆ ಇಷ್ಟು ವರ್ಷ ಬಿಟ್ಟು ಈಗ ಏನಂತ ಬರೆಯೋದು ಅನ್ನೋ ನಾಚಿಕೆ. ಫೋನ್ ಬಂತು, ಫೇಸ್‌ಬುಕ್ ಬಂತು, ದಿನಕ್ಕೆ ಇಷ್ಟಿಷ್ಟುದ್ದ ಬರೀತೀನಿ ನಾನು, ನೀವೇ ಓದ್ತೀರಿ. ಆ ಮನುಷ್ಯನಿಗೆ ನಾಲ್ಕು ಸಾಲು ಹಾಕ್ಲಿಲ್ಲ.

ಮದ್ವೆ ಮನೇಲಿ ಸಿಕ್ಕ ಹೊನ್ನಾಳಿಯೋರನ್ನ ಕೇಳಿದೆ, ನೀವು ಬರೀತಿದ್ರಾ ಅಂತ. "ಒಂದೆರಡು ಸಲ ಬರೆದೆ, ಆಮೇಲೆ ಬಿಟ್ಟೋಯ್ತು" ಅಂದ್ರು. ಉಳಿದೋರೆಲ್ಲ ಏನಂದ್ಕಂಡಿದ್ರೋ. ಸರ್ ಯಾಕೋ ಈ ವರ್ಷದಿಂದ ಪತ್ರ ಹಾಕ್ಲಿಲ್ಲ, ಮರೆತ್ರೇನೋ ಅಂತ ಅಂದ್ಕಂಡಿರ್ತಾರೆ. ಮಷೀನ್ ವಿಷಯ ಅವರಿಗೆ ಹೆಂಗೆ ಗೊತ್ತಾಗ್ಬೇಕು. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೂ ಮಾಲೀಕರ ಮನೆಯೋರು ಹಿಂದಿನ ರೂಮು ಸರ್‌ಗೇ ಬಿಟ್ಟಿದ್ರಂತೆ. ಕೊನೇ ತನಕ ಅಲ್ಲೇ ಇದ್ರಂತೆ. ಅಡ್ರೆಸ್ ಬದಲಾಗ್ಲೇ ಇಲ್ಲ.

ನಾಲ್ಕು ಊರಲ್ಲೂ ಪತ್ರ ಟೈಪ್ ಮಾಡೋದು ಕಲ್ಸೋವಾಗ, ಮೇಲಿನ ಮೂಲೇಲಿ ಹಾಕಾಕೆ ಅಂತ ಸರ್ ಕೊಡ್ತಿದ್ದಿದ್ದು ಅದೇ ಚನ್ನಗಿರಿ ಅಡ್ರೆಸ್ಸು. ಪರೀಕ್ಷೆ ಪಾಸಾಗೋ ತನಕ ದಿನಾ ಅದನ್ನ ಹೊಡೆದೀವಿ, ಸಾವಿರ ಸಲ ಹೊಡೆದೀವಿ. ಈಗ್ಲೂ ಕಣ್ಮುಚ್ಚಿದ್ರೆ ನನ್ನ ಬೆರಳು ತಾನಾಗೇ ಹೋಗ್ತಾವೆ, ಬಾಗಿಲ ನಂಬರಿಂದ ಪಿನ್‌ಕೋಡ್ ತನಕ.

ಮಷೀನು ಅಳಿಸಿದ್ದು ನಮ್ಮ ಅಡ್ರೆಸ್ಸು. ಅವರದ್ದು ನಮ್ಮೆಲ್ಲರ ಹತ್ರ ಇತ್ತು.